ಹೆಸರಿಲ್ಲದೆ ಈಜುತ್ತಿದ್ದ ಮೀನು

ಅಂತರಸಂತೆ ಹತ್ತಿರದ ಒಂದು ಶಾಲೆಯಲ್ಲಿ ಗಂಗಾನದಿಯ ಡಾಲ್ಫಿನ್ ಕಥೆ ಹೇಳುತ್ತಿದ್ದೆ. ಕಿಟಕಿ ಪಕ್ಕ ಕೂತಿದ್ದ ಆರನೇ ತರಗತಿಯ ಹುಡುಗಿಯೊಬ್ಬಳು ಕೈ ಎತ್ತಿ, "ಸಾ, ನಮ್ ಹೊಳೇಲಿ ಯಾಕಿಲ್ಲ ಡಾಲ್ಫಿನ್ನು?" ಅಂತ ಕೇಳಿದಳು. ಅವಳ ಹೊಳೆ ಎಂದರೆ ಕಬಿನಿ. ಆ ಕಿಟಕಿಯಿಂದ ನೋಡಿದರೆ ದೂರದಲ್ಲಿ ಕಾಕನಕೋಟೆಯ ಕಾಡು, ಅದರ ಈಚೆಗೆ ಬಿಸಿಲಿಗೆ ತಗಡಿನ ಹಾಗೆ ಮಿನುಗುವ ಹಿನ್ನೀರು.

ಪ್ರಶ್ನೆ ಚಿಕ್ಕದು, ಉತ್ತರ ಉದ್ದ. ಅವತ್ತು ಅಷ್ಟರಲ್ಲಿ ಬೆಲ್ ಹೊಡೆದುಬಿಟ್ಟರು. ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿ ಮಾಡುತ್ತೇನೆ. ಅವಳೂ ಓದಲಿ, ನೀವೂ ಓದಿ.

ಮೊದಲನೆಯದಾಗಿ, ಡಾಲ್ಫಿನ್ ಮೀನಲ್ಲ. ಹಸುವಿನ ಹಾಗೆ, ನಮ್ಮ ಹಾಗೆ, ಮರಿ ಹೆತ್ತು ಹಾಲೂಡಿಸುವ ಪ್ರಾಣಿ. ಅದಕ್ಕೆ ಕಿವಿರುಗಳಿಲ್ಲ, ಶ್ವಾಸಕೋಶ ಇದೆ. ಆದ್ದರಿಂದ ಆಗಾಗ ನೀರಿನಿಂದ ಮೇಲೆ ಬಂದು ಉಸಿರಾಡಲೇಬೇಕು. ಹಾಗೆ ಉಸಿರು ಬಿಡುವಾಗ ಬರುವ 'ಸೂಸ್' ಸದ್ದನ್ನೇ ಹಿಡಿದು ಗಂಗೆಯ ದಡದ ಜನ ಅದನ್ನು 'ಸೂಂಸ್' ಅನ್ನುತ್ತಾರೆ. ಬಾಲ ನೋಡಿಯೂ ಗುರುತು ಹಿಡಿಯಬಹುದು. ಮೀನಿನ ಬಾಲ ಎಡಕ್ಕೂ ಬಲಕ್ಕೂ ಬೀಸುತ್ತದೆ, ಡಾಲ್ಫಿನ್ನಿನದು ಮೇಲಕ್ಕೂ ಕೆಳಕ್ಕೂ. ಗಂಗೆಯ ಡಾಲ್ಫಿನ್ನಿನ ಪುಟ್ಟ ಕಣ್ಣಿನಲ್ಲಿ ಮಸೂರವೇ ಇಲ್ಲ. ಬೆಳಕು ಯಾವುದು ಕತ್ತಲೆ ಯಾವುದು ಅಷ್ಟು ಮಾತ್ರ ಅದಕ್ಕೆ ಗೊತ್ತಾಗುತ್ತದೆ. ರಾಡಿ ನೀರಿನಲ್ಲಿ ಅದು ಟಿಕ್ ಟಿಕ್ ಎಂದು ಸದ್ದು ಮಾಡುತ್ತ, ಆ ಸದ್ದು ಮೀನಿಗೆ ಬಡಿದು ವಾಪಸು ಬರುವುದನ್ನು ಕೇಳಿಸಿಕೊಂಡು ಬೇಟೆಯಾಡುತ್ತದೆ. ಸಂಜೆ ನಿಮ್ಮ ಮನೆ ಮುಂದೆ ಹಾರುವ ಸಣ್ಣ ಬಾವಲಿಗಳದ್ದೂ ಇದೇ ಉಪಾಯ.

ಹಾಗಾದರೆ ಅದು ಕಬಿನಿಯಲ್ಲಿ ಯಾಕಿಲ್ಲ? ಕೋಟ್ಯಂತರ ವರ್ಷಗಳ ಹಿಂದೆ ಕಡಲು ಉತ್ತರ ಭಾರತದ ತಗ್ಗು ನೆಲದೊಳಕ್ಕೆ ನುಗ್ಗಿತ್ತು, ಅದರ ಜೊತೆಗೆ ಡಾಲ್ಫಿನ್ನಿನ ಪೂರ್ವಜರು ಒಳಗೆ ಬಂದರು, ಕಡಲು ಹಿಂದಕ್ಕೆ ಸರಿದಾಗ ಅವು ನದಿಗಳಲ್ಲಿ ಉಳಿದುಕೊಂಡವು ಎನ್ನುತ್ತಾರೆ ವಿಜ್ಞಾನಿಗಳು. ನಮ್ಮದು ಎತ್ತರದ ಕಲ್ಲುನಾಡು. ಕಡಲು ಇಲ್ಲಿಗೆ ಹತ್ತಿ ಬರಲಿಲ್ಲ. ಕಾವೇರಿಯ ಬಾಯಿಂದ ಈಜುತ್ತ ಬರೋಣ ಅಂದರೂ ನಡುವೆ ಶಿವನಸಮುದ್ರದ ಜಲಪಾತ ಗೋಡೆಯ ಹಾಗೆ ನಿಂತಿದೆ.

ಗಂಗೆಯ ಡಾಲ್ಫಿನ್ 2009ರಲ್ಲಿ ನಮ್ಮ ದೇಶದ ರಾಷ್ಟ್ರೀಯ ಜಲಚರವಾಯಿತು. ಎಂಟು ರಾಜ್ಯಗಳ 28 ನದಿಗಳಲ್ಲಿ, 8,500 ಕಿಲೋಮೀಟರಿಗೂ ಹೆಚ್ಚು ದೂರ ದೋಣಿಗಳಲ್ಲಿ ಹೋಗಿ ಎಣಿಸಿದರು. 2025ರಲ್ಲಿ ಲೆಕ್ಕ ಹೊರಬಂತು. ಗಂಗೆಯವೂ, ಪಂಜಾಬಿನ ಬಿಯಾಸ್ ನದಿಯಲ್ಲಿ ಉಳಿದಿರುವ ಸಿಂಧೂ ಡಾಲ್ಫಿನ್ ಮೂರೂ ಸೇರಿ ಒಟ್ಟು 6,327. ಇಷ್ಟು ದೊಡ್ಡ ದೇಶಕ್ಕೆ ಇದು ಕಡಿಮೆಯೇ. ಚೀನಾದ ಯಾಂಗ್ಟ್ಸೀ ನದಿಯಲ್ಲೂ ಒಂದು ಡಾಲ್ಫಿನ್ ಇತ್ತು, ಹೆಸರು ಬೈಜಿ. 2006ರಲ್ಲಿ ವಿಜ್ಞಾನಿಗಳು ಆರು ವಾರ ಹುಡುಕಿದರು. ಒಂದೂ ಕಾಣಲಿಲ್ಲ.

ಇಷ್ಟನ್ನು ಆ ಹುಡುಗಿಗೆ ಅವತ್ತೇ ಹೇಳಿದ್ದೆ. ಹೇಳದೆ ಉಳಿದದ್ದು ಮುಂದಿನದು. ನಿನ್ನ ಹೊಳೆಯಲ್ಲಿ ಡಾಲ್ಫಿನ್ ಇಲ್ಲ ಮಗಳೇ. ಆದರೆ ಅದಕ್ಕಿಂತಲೂ ಹೆಚ್ಚು ಕಷ್ಟದಲ್ಲಿರುವ ಒಂದು ಜೀವ ಈ ಹೊಳೆಯದ್ದೇ, ನಮ್ಮ ಕಾವೇರಿ ಬಳಗದ್ದೇ. ಬೇರೆ ಎಲ್ಲೂ ಇಲ್ಲದ್ದು.

ಅದನ್ನು ನಾನು ಮೊದಲು ಕಂಡದ್ದು ನೀರಿನಲ್ಲಲ್ಲ, ಒಂದು ಹಳೇ ಪಂಚಾಂಗದ ಹಾಳೆಗಳ ನಡುವೆ. ಕಬಿನಿ ದಡದ ಒಂದು ಹಳ್ಳಿಯಲ್ಲಿ ಬೆಸ್ತರ ಮನೆಯ ಹಿರಿಯರೊಬ್ಬರು ಜಗುಲಿಯ ಮೇಲೆ ಕೂರಿಸಿಕೊಂಡು, ಒಳಗಿನಿಂದ ಪಂಚಾಂಗ ತರಿಸಿ, "ಇದೇನು ಹೇಳಿ ನೋಡಮ ಮೇಷ್ಟ್ರೇ" ಎಂದು ನನ್ನ ಕೈಗೆ ಏನನ್ನೋ ಕೊಟ್ಟರು. ಅಂಗೈ ಅಗಲದ ಒಂದು ಬಿಲ್ಲೆ. ಕಾಗದಕ್ಕಿಂತ ದಪ್ಪ, ರಟ್ಟಿಗಿಂತ ತೆಳು. ಬೆಳಕಿಗೆ ಹಿಡಿದರೆ ಆಚೆ ಬದಿಯ ಬೆರಳು ಮಸುಕಾಗಿ ಕಾಣುತ್ತದೆ. ಬಣ್ಣ ಹಳೆಯ ಜೇನಿನದು. ಒಂದು ಅರ್ಧ ನುಣುಪು, ಇನ್ನೊಂದು ಅರ್ಧ ಒರಟು.

"ಬಿಳಿಮೀನಿನ ಹುರುಪೆ ಕಣ್ರಪ್ಪ ಅದು. ನಮ್ಮಪ್ಪ ಹಿಡಿದಿದ್ದು. ಬಿದಿರಿನ ಗಳಕ್ಕೆ ಕಟ್ಟಿ ಇಬ್ರು ಹೊತ್ಕಂಡು ಬಂದ್ರು. ನಾನಾಗ ಇಷ್ಟುದ್ದ" ಎಂದು ಜಗುಲಿಯ ಅಂಚಿನವರೆಗೆ ಕೈ ಹಿಡಿದು ತೋರಿಸಿದರು. ಕಬಿನಿಗೆ ಅಣೆಕಟ್ಟು ಕಟ್ಟುವುದಕ್ಕೆ ಎಷ್ಟೋ ಮುಂಚಿನ ಮಾತು ಅದು.

ನನ್ನ ಜೋಳಿಗೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ ಇರುತ್ತದೆ. ತೆಗೆದು ನೋಡಿದೆ. ಮರ ಕಡಿದಾಗ ಬೊಡ್ಡೆಯ ಮೇಲೆ ಉಂಗುರಗಳು ಕಾಣುತ್ತವಲ್ಲ, ಹಾಗೆ ಒಂದರೊಳಗೊಂದು ಸಣ್ಣ ಸಣ್ಣ ಗೆರೆಗಳು. ಒಂದು ಗುಟ್ಟು ಹೇಳುತ್ತೇನೆ ಕೇಳಿ. ಮೀನು ದೊಡ್ಡದಾದ ಹಾಗೆ ಅದರ ಹುರುಪೆಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದ ಹುರುಪೆಗಳೇ ಅಂಚಿನಲ್ಲಿ ಬೆಳೆಯುತ್ತ ಹೋಗುತ್ತವೆ. ಹೊಟ್ಟೆ ತುಂಬ ತಿಂದು ಚೆನ್ನಾಗಿ ಬೆಳೆದ ಕಾಲದಲ್ಲಿ ಗೆರೆಗಳು ದೂರ ದೂರ ಬೀಳುತ್ತವೆ, ಬರಗಾಲದಲ್ಲಿ ಒತ್ತೊತ್ತಾಗಿ. ಹಾಗಾಗಿ ಹುರುಪೆ ಮೀನಿನ ದಿನಚರಿ. ನಮ್ಮಂಥ ಬಿಸಿಲ ಸೀಮೆಯ ಮೀನುಗಳಲ್ಲಿ ಚಳಿಗಾಲ ಬೇಸಿಗೆಗಳ ಅಂತರ ಕಡಿಮೆ, ಅದಕ್ಕೇ ಈ ದಿನಚರಿ ಓದುವುದು ಸ್ವಲ್ಪ ಕಷ್ಟ. ನೋಡುವುದಕ್ಕೆ ಉಗುರಿನ ಹಾಗಿದ್ದರೂ ಹುರುಪೆ ಮೂಳೆಯ ಬಳಗದ್ದು. ಆ ನುಣುಪಾದ ಅರ್ಧ ಚರ್ಮದೊಳಗೆ ಹುದುಗಿರುತ್ತದೆ, ಒರಟು ಅರ್ಧ ಹೊರಗೆ. ಹೆಂಚಿನ ಮನೆಯ ಸೂರಿನಲ್ಲಿ ಒಂದು ಹೆಂಚಿನ ಮೇಲೆ ಇನ್ನೊಂದು ಕೂರುವ ಹಾಗೆಯೇ.

ಬಿಳಿಮೀನನ್ನು ಇಂಗ್ಲಿಷಿನಲ್ಲಿ ಮಹಶೀರ್ ಅನ್ನುತ್ತಾರೆ. ಮಹಶೀರ್‌ಗಳಲ್ಲಿ ಹಲವು ಜಾತಿಗಳಿವೆ. ಅವುಗಳಲ್ಲಿ ಕಾವೇರಿಯದ್ದು ಎಲ್ಲಕ್ಕಿಂತ ದೊಡ್ಡದಾಗಿ ಬೆಳೆಯುವ ಗೂನುಬೆನ್ನಿನ ಮಹಶೀರ್. ತಲೆ ಮುಗಿದು ಬೆನ್ನು ಶುರುವಾಗುವಲ್ಲಿ ಎತ್ತಿನ ಹಿಣಿಲಿನ ಹಾಗೆ ಎದ್ದ ಗೂನು, ಕಿತ್ತಳೆ ಬಣ್ಣದ ಈಜುರೆಕ್ಕೆ, ದಪ್ಪ ತುಟಿ, ಬಾಯಿಯ ಎರಡು ಬದಿಗೆ ಎರಡೆರಡು ಮೀಸೆ. ಮೀಸೆ ಅಂದಕ್ಕಲ್ಲ, ರುಚಿ ನೋಡುವುದಕ್ಕೆ. ನಾವು ನಾಲಗೆ ಮುಟ್ಟಿಸಿ ನೋಡುವುದನ್ನು ಅದು ಮೀಸೆ ಮುಟ್ಟಿಸಿ ನೋಡುತ್ತದೆ.

ಅದರ ದವಡೆಯಲ್ಲಿ ಒಂದೂ ಹಲ್ಲಿಲ್ಲ. ಆದರೂ ಏಡಿ, ಶಂಖದ ಹುಳು ಎಲ್ಲವನ್ನೂ ಪುಡಿ ಮಾಡಿ ನುಂಗುತ್ತದೆ. ಹೇಗೆ? ಹಲ್ಲಿರುವುದು ಗಂಟಲಿನಲ್ಲಿ! ಅದು ರೋಹು, ಕಾಟ್ಲಾ ಮೀನುಗಳ ಬಳಗವೇ, ಅವಕ್ಕೂ ಹಾಗೆಯೇ. ಮನೆಯಲ್ಲಿ ಮೀನು ತರುವವರಾದರೆ ಮುಂದಿನ ಸಲ ಕಾಟ್ಲಾ ತಲೆ ಬಿಡಿಸುವಾಗ ಅಮ್ಮನ ಪಕ್ಕ ಕೂತು ಕಿವಿರುಗಳ ಹಿಂದೆ ಹುಡುಕಿ. ಸಣ್ಣ ಮೂಳೆಯೊಂದರ ಮೇಲೆ ಸಾಲಾಗಿ ಹಲ್ಲುಗಳು ಸಿಗುತ್ತವೆ. ಸಿಕ್ಕರೆ ತೊಳೆದು ಒಣಗಿಸಿ ಶಾಲೆಗೆ ಒಯ್ಯಿರಿ.

ಎಷ್ಟು ದೊಡ್ಡದಾಗುತ್ತಿತ್ತು ಈ ಮೀನು? ಇದಕ್ಕೆ ಉತ್ತರ ನಿಮ್ಮ ಹೊಳೆಯಲ್ಲೇ ಇದೆ. 1946ರ ಮಾರ್ಚ್ 22ರಂದು ಮೈಸೂರಿನ ಡಿ ವೆಟ್ ವ್ಯಾನ್ ಇಂಗನ್ ಎಂಬುವರು ಕಬಿನಿಯಲ್ಲಿ ಗಾಳ ಹಾಕಿ ಒಂದು ಮಹಶೀರ್ ಹಿಡಿದರು. ಸತ್ತ ಹುಲಿ ಚಿರತೆಗಳ ತೊಗಲನ್ನು ಹದ ಮಾಡಿ ಜೀವ ಇದ್ದ ಹಾಗೆ ನಿಲ್ಲಿಸುವುದರಲ್ಲಿ ಜಗತ್ತಿಗೇ ಹೆಸರಾಗಿದ್ದ ಮನೆತನದವರು ಅವರು. ಮೀನು ತೂಗಿದ್ದು 120 ಪೌಂಡು, ಅಂದರೆ 54 ಕಿಲೋಗೂ ಮೇಲೆ. ಒಂದು ಮೂಟೆ ಸಿಮೆಂಟಿಗಿಂತ ಭಾರ. ಗಾಳಕ್ಕೆ ಸಿಕ್ಕಿದ ಮಹಶೀರ್‌ಗಳ ಲೆಕ್ಕದಲ್ಲಿ ಅದು ದಾಖಲೆಯಾಯಿತು. ಅದಕ್ಕೆ ಮುಂಚಿನ ದಾಖಲೆ 119 ಪೌಂಡಿನದು, 1919ರಲ್ಲಿ ಕಾವೇರಿಯಲ್ಲಿ ಸಿಕ್ಕಿದ್ದು. ಕಾಕನಕೋಟೆ ಎಂದರೆ ಎಲ್ಲರಿಗೂ ಖೆಡ್ಡಾ ನೆನಪಾಗುತ್ತದೆ, ಕಬಿನಿ ದಾಟಿಸಿ ಹಿಡಿದ ಆನೆಗಳು ನೆನಪಾಗುತ್ತವೆ. ಆ ಆನೆಗಳು ಈಜಿ ದಾಟಿದ ನೀರಿನ ತಳದಲ್ಲಿ ಇಂಥ ಮೀನುಗಳೂ ಇದ್ದವು ಎಂಬುದು ಯಾಕೋ ಯಾರ ಮಾತಿನಲ್ಲೂ ಬರುವುದಿಲ್ಲ.

ಕನ್ನಡನಾಡಿನವರಿಗೆ ಮೀನಿನ ಮೇಲೆ ಅಕ್ಕರೆ ಹೊಸದಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಬರೆದ 'ಮಾನಸೋಲ್ಲಾಸ'ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನಿಗೆ ಯಾವ ಆಹಾರ, ಗಾಳ ಹೇಗೆ ಎಂದೆಲ್ಲ ಅದರಲ್ಲಿ ಬರೆದಿದ್ದಾನೆ. ಎಂಟುನೂರು ವರ್ಷ ಕಳೆದ ಮೇಲೆ ಮೀನುವಿಜ್ಞಾನಿ ಸುಂದರಲಾಲ್ ಹೋರಾ ಅದನ್ನು ಓದಿ ಬೆರಗಾಗಿ ಲೇಖನ ಬರೆದರು.

ಈಗ ಈ ಕಥೆಯ ವಿಚಿತ್ರ ಭಾಗಕ್ಕೆ ಬರೋಣ. ಇಷ್ಟು ದೊಡ್ಡ, ಇಷ್ಟು ಹೆಸರಾದ ಮೀನಿಗೆ 2018ರವರೆಗೆ ಸರಿಯಾದ ವೈಜ್ಞಾನಿಕ ಹೆಸರೇ ಇರಲಿಲ್ಲ!

ಬೆಸ್ತರಿಗೆ ಅದು ಬಿಳಿಮೀನು. ಗಾಳದ ಸಾಹೇಬರಿಗೆ ಮಹಶೀರ್. ಪುಸ್ತಕಗಳಲ್ಲಿ ಇನ್ನೊಂದು ಮೀನಿನ ಹೆಸರನ್ನು ತಪ್ಪಾಗಿ ಇದಕ್ಕೆ ಅಂಟಿಸಿದ್ದರು. ಆ ಹೆಸರನ್ನು 1839ರಲ್ಲಿ ಸೈಕ್ಸ್ ಎಂಬ ಅಧಿಕಾರಿ ದಖ್ಖನಿನ ಬೇರೊಂದು ಮೀನಿಗೆ ಇಟ್ಟಿದ್ದರು. ವಿಜ್ಞಾನದಲ್ಲಿ ಹೆಸರು ಇಡುವುದೆಂದರೆ ಸುಮ್ಮನೆ ಕೂಗಿ ಕರೆಯುವುದಲ್ಲ. ಒಂದು ಮಾದರಿ ಮೀನನ್ನು ಕೆಡದ ಹಾಗೆ ಸಂಗ್ರಹಾಲಯದಲ್ಲಿಟ್ಟು, ಅದರ ಹುರುಪೆ ಎಷ್ಟು, ಈಜುರೆಕ್ಕೆಯ ಕಡ್ಡಿ ಎಷ್ಟು, ತಲೆ ಎಷ್ಟುದ್ದ ಎಂದು ಅಳೆದು ಎಣಿಸಿ ಬರೆದು ಪ್ರಕಟಿಸಬೇಕು. ಕಬಿನಿಯ ರಾಕ್ಷಸ ಮೀನುಗಳನ್ನು ಹಾಗೆ ಯಾರೂ ಮಾಡಿರಲಿಲ್ಲ.

ಹೆಸರಿಲ್ಲದಿದ್ದರೆ ಏನು ತೊಂದರೆ? ನಿಮ್ಮ ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಒಬ್ಬ ಹುಡುಗ ದಿನಾ ಬಂದು ಕೂರುತ್ತಾನೆ, ಆದರೆ ಪುಸ್ತಕದಲ್ಲಿ ಅವನ ಹೆಸರಿಲ್ಲ ಅಂದುಕೊಳ್ಳಿ. ಅವನ ಪಾಲಿನ ಹಾಲು ಬರುವುದಿಲ್ಲ, ಸಮವಸ್ತ್ರ ಬರುವುದಿಲ್ಲ. ಒಂದು ದಿನ ಅವನು ಬರದೇ ಹೋದರೆ 'ಎಲ್ಲಿ ಅವನು?' ಎಂದು ಕೇಳುವವರೂ ಇಲ್ಲ. ಜಗತ್ತಿನ ಅಳಿವಿನಂಚಿನ ಜೀವಿಗಳ ಪಟ್ಟಿ ಮಾಡುವ ಐಯುಸಿಎನ್ ಎಂಬ ಸಂಸ್ಥೆಯ ಕೆಂಪು ಪಟ್ಟಿಯೂ ಅಂಥ ಹಾಜರಿ ಪುಸ್ತಕವೇ. ಹೆಸರಿಲ್ಲದ ಜೀವಿಗೆ ಅಲ್ಲಿ ಸಾಲು ಸಿಗುವುದಿಲ್ಲ.

ಹೆಸರು ಸಿಕ್ಕಿದ್ದು ಕಾವೇರಿಯ ಬೇರೆ ಕವಲಿನಿಂದ. 2007ರಲ್ಲಿ ಕೇರಳದ ಪಾಂಬಾರ್ ನದಿಯಲ್ಲಿ ಸಿಕ್ಕ ಒಂದು ಮಹಶೀರ್‌ಗೆ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು 'ಟಾರ್ ರೆಮಾದೇವಿಯೈ' ಎಂದು ಹೆಸರಿಟ್ಟರು. ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದ ಮೀನುತಜ್ಞೆ ಕೆ. ರೆಮಾ ದೇವಿ ಅವರ ಗೌರವಕ್ಕೆ ಇಟ್ಟ ಹೆಸರು ಅದು. ಕುರುಪ್ ಮತ್ತು ರಾಧಾಕೃಷ್ಣನ್ ಕೈಯಲ್ಲಿದ್ದವು ಸಣ್ಣ ಮೀನುಗಳು. ಕಬಿನಿಯ ದೈತ್ಯನಿಗೂ ಇವಕ್ಕೂ ಸಂಬಂಧ ಇರಬಹುದೆಂದು ಆಗ ಯಾರಿಗೂ ಹೊಳೆಯಲಿಲ್ಲ. ಪಾಂಬಾರ್ ಅಮರಾವತಿಗೆ ಸೇರುತ್ತದೆ, ಅಮರಾವತಿ ಕಾವೇರಿಗೆ. ನೀರಿನ ದಾರಿಯಲ್ಲಿ ನೋಡಿದರೆ ಪಾಂಬಾರ್ ನಿಮ್ಮ ಕಬಿನಿಗೆ ದಾಯಾದಿ. ಆಮೇಲೆ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್, ನೀಲೇಶ್ ದಹಾನುಕರ್ ಮತ್ತು ಅವರ ಗೆಳೆಯರು ಬಂಡೀಪುರದ ಅಂಚಿನಲ್ಲಿ ಹರಿಯುವ ಮೋಯಾರ್ ನದಿಯಲ್ಲಿ ಗೂನುಬೆನ್ನಿನ ಮೀನುಗಳನ್ನು ಹುಡುಕಿ, ಪಾಂಬಾರಿನ ಮೀನಿನ ಜೊತೆ ಅವುಗಳ ಮೈ ಅಳತೆಯನ್ನೂ ಡಿಎನ್‌ಎಯನ್ನೂ ಹೋಲಿಸಿ ನೋಡಿದರು. ಎರಡೂ ಒಂದೇ! 2018ರಲ್ಲಿ ಅದು ಪ್ರಕಟವಾಯಿತು. ಅದೇ ವರ್ಷ ಕೆಂಪು ಪಟ್ಟಿಯಲ್ಲಿ ಅದರ ಹೆಸರೂ ಬಂತು, ಜೊತೆಗೆ ಕೆಟ್ಟ ಸುದ್ದಿಯೂ ಬಂತು.

ಆ ಪಟ್ಟಿಯಲ್ಲಿ ಮೆಟ್ಟಿಲುಗಳಿವೆ. ಕಾಕನಕೋಟೆಯ ಹುಲಿ ಇರುವುದು 'ಅಳಿವಿನಂಚಿನಲ್ಲಿದೆ' ಎಂಬ ಮೆಟ್ಟಿಲಲ್ಲಿ. ಗಂಗೆಯ ಡಾಲ್ಫಿನ್ ಕೂಡ ಅದೇ ಮೆಟ್ಟಿಲಲ್ಲಿ. ನಮ್ಮ ಬಿಳಿಮೀನು ಅದರ ಮುಂದಿನದ್ದರಲ್ಲಿ, 'ತೀವ್ರವಾಗಿ ಅಳಿವಿನಂಚಿನಲ್ಲಿದೆ' ಎಂಬಲ್ಲಿ ನಿಂತಿದೆ. ಅಲ್ಲಿಂದಾಚೆ 'ಕಾಡಿನಲ್ಲಿ ಇಲ್ಲ', ಅದರಾಚೆ 'ಇಲ್ಲವೇ ಇಲ್ಲ'. ದಮ್ಮನಕಟ್ಟೆಯಿಂದ ಸಫಾರಿ ಗಾಡಿಗಳು ಹೊರಡುವುದು ಹುಲಿ ಹುಡುಕಿಕೊಂಡು. ಹುಲಿಗಿಂತ ಅಪರೂಪದ ಮೀನಿನ ನೀರು ಪಕ್ಕದಲ್ಲೇ ಇದೆ, ಅದರತ್ತ ಯಾರ ದುರ್ಬೀನೂ ತಿರುಗುವುದಿಲ್ಲ. ನನಗೆ ಇದು ತುಂಬ ನೋವಿನ ಸಂಗತಿ.

ಯಾಕೆ ಹೀಗಾಯಿತು? ಅದನ್ನು ತಿಳಿಯಲು ಮೊದಲು ಒಂದು ಪ್ರಯೋಗ ಮಾಡೋಣ. ಗಾಜಿನ ಲೋಟದಲ್ಲಿ ತಣ್ಣೀರು ತುಂಬಿ ಬಿಸಿಲಿನಲ್ಲಿಡಿ. ಒಂದೆರಡು ಗಂಟೆ ಬಿಟ್ಟು ನೋಡಿದರೆ ಲೋಟದ ಒಳಗೋಡೆಗೆ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿರುತ್ತವೆ. ಆ ಗಾಳಿ ಎಲ್ಲಿಂದ ಬಂತು? ನೀರಿನಲ್ಲೇ ಕರಗಿತ್ತು. ನೀರು ಬಿಸಿಯಾದಾಗ ಅಷ್ಟು ಗಾಳಿಯನ್ನು ಹಿಡಿದಿಟ್ಟುಕೊಳ್ಳಲಾರದೆ ಹೊರಕ್ಕೆ ಬಿಟ್ಟಿತು. ಮೀನು ಕಿವಿರುಗಳಿಂದ ಉಸಿರಾಡುವುದು ಹೀಗೆ ಕರಗಿದ ಗಾಳಿಯನ್ನೇ. ಹೋಟೆಲಿನಲ್ಲಿ ಕಾಫಿಯನ್ನು ಒಂದು ಲೋಟದಿಂದ ಇನ್ನೊಂದಕ್ಕೆ ಎತ್ತೆತ್ತಿ ಹೊಯ್ದು ನೊರೆ ಎಬ್ಬಿಸುತ್ತಾರಲ್ಲ, ಹೊಳೆ ಬಂಡೆಗಳ ಮೇಲೆ ಬಿದ್ದು ಎದ್ದು ಓಡುವಾಗ ಆಗುವುದೂ ಅದೇ. ನೀರಿಗೆ ಗಾಳಿ ಬೆರೆಯುತ್ತದೆ. ಬಿಳಿಮೀನಿಗೆ ಬೇಕಾದದ್ದು ಅಂಥ ಓಡುವ, ತಣ್ಣಗಿನ ನೀರು. ಬೇಸಿಗೆಯಲ್ಲಿ ಬಂಡೆಗಳ ನಡುವಿನ ಆಳದ ಮಡುವಿನಲ್ಲಿ ಇದ್ದು, ಮುಂಗಾರಿನ ಕೆಂಪು ನೀರು ಬಂದ ಕೂಡಲೇ ಮೇಲಕ್ಕೆ, ಹೊಳೆ ಹುಟ್ಟುವ ಕಡೆಗೆ ಈಜುತ್ತದೆ. ಅಲ್ಲಿನ ಸಣ್ಣ ಹೊಳೆಗಳ ಉರುಟುಗಲ್ಲುಗಳ ಸಂದಿಯಲ್ಲಿ ಅದರ ಮೊಟ್ಟೆಗಳು ಕೂರುತ್ತವೆ. ಕಲ್ಲಿನ ಸಂದಿಯಲ್ಲಿ ನೀರು ಹರಿಯುತ್ತಿದ್ದರೆ ಮೊಟ್ಟೆಗೆ ಉಸಿರು. ಹೂಳು ತುಂಬಿದರೆ ಉಸಿರು ಕಟ್ಟುತ್ತದೆ. ಮರಳು ಜಲ್ಲಿ ತೆಗೆದು ಹೊಳೆಯ ತಳ ಕೆಡಿಸಿದಾಗ ಮೀನಿನ ತೊಟ್ಟಿಲೇ ಹೋದ ಹಾಗೆ.

ಕಬಿನಿ ಹುಟ್ಟುವುದು ವಯನಾಡಿನಲ್ಲಿ, ಪನಮರಂ ಮತ್ತು ಮಾನಂದವಾಡಿ ಹೊಳೆಗಳು ಕೂಡಿ. ಕಾವೇರಿಯನ್ನು ಸೇರುವುದು ತಿರುಮಕೂಡಲು ನರಸೀಪುರದಲ್ಲಿ. 1974ರಲ್ಲಿ ಬೀಚನಹಳ್ಳಿ ಬಳಿ ಅಣೆಕಟ್ಟು ಮುಗಿಯಿತು. ಅದರಲ್ಲಿ 19.52 ಟಿಎಂಸಿ ನೀರು ನಿಲ್ಲುತ್ತದೆ. ಖೆಡ್ಡಾ ನಡೆಯುತ್ತಿದ್ದ ಜಾಗ, ಹಳ್ಳಿಗಳು, ಬಿದಿರು ಕಾಡು ಎಷ್ಟೋ ಮುಳುಗಿದವು. ಆ ನೀರು ಎಷ್ಟೋ ಗದ್ದೆಗಳಿಗೆ, ಮನೆಗಳಿಗೆ ಹೋಗುತ್ತದೆ, ಅದನ್ನು ಮರೆಯಬಾರದು. ಆದರೆ ಕೆಳಗಿನಿಂದ ಮೊಟ್ಟೆ ಇಡಲು ಹೊರಟ ಮೀನಿಗೆ ಅದು ಬಾಗಿಲಿಲ್ಲದ ಗೋಡೆ. ಮಾರನೇ ವರ್ಷ, 1975ರಲ್ಲಿ, ಬಂಗಾಳದ ಫರಕ್ಕಾದಲ್ಲಿ ಗಂಗೆಗೆ ಅಡ್ಡಲಾಗಿ ಬ್ಯಾರೇಜು ಬಂತು. ಮೇಲಿನ ಡಾಲ್ಫಿನ್‌ಗಳು ಬೇರೆ, ಕೆಳಗಿನವು ಬೇರೆ ಆದವು. ಎರಡು ಹೊಳೆಗಳ ಎರಡು ಜೀವಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ದಾರಿ ಮುಚ್ಚಿತು.

ಗೋಡೆಗಿಂತ ಕ್ರೂರವಾದದ್ದು ತೋಟೆ. ಕಲ್ಲು ಒಡೆಯುವ ಸಿಡಿಮದ್ದನ್ನು ಮಡುವಿಗೆ ಎಸೆದು ಮೀನು ಹಿಡಿಯುವವರಿದ್ದಾರೆ. ನೀರಿನಲ್ಲಿ ಸ್ಫೋಟದ ಹೊಡೆತ ಗಾಳಿಯಲ್ಲಿಗಿಂತ ದೂರ, ಜೋರಾಗಿ ಹೋಗುತ್ತದೆ. ಮೀನಿನ ಹೊಟ್ಟೆಯಲ್ಲಿ ತೇಲುವುದಕ್ಕೆಂದು ಒಂದು ಗಾಳಿಚೀಲ ಇರುತ್ತದೆ, ಅದು ಒಡೆದುಹೋಗುತ್ತದೆ. ದೊಡ್ಡದು, ಚಿಕ್ಕದು, ನೆನ್ನೆ ಮೊಟ್ಟೆಯೊಡೆದ ಮರಿ ಎಲ್ಲವೂ ಸಾಯುತ್ತವೆ. ಎಷ್ಟೋ ಮೀನುಗಳು ತೇಲದೆ ತಳಕ್ಕೆ ಇಳಿಯುವುದರಿಂದ ಎಸೆದವನಿಗೂ ಅವು ಸಿಗುವುದಿಲ್ಲ. ನೂರು ಬೆಸ್ತರು ಒಂದು ವರ್ಷ ಬಲೆ ಬೀಸಿದರೂ ಆಗದ ಹಾನಿ ಒಂದು ತೋಟೆಯಿಂದ ಒಂದು ನಿಮಿಷದಲ್ಲಿ ಆಗುತ್ತದೆ ಎಂದು ನನಗನ್ನಿಸುತ್ತದೆ.

ಬಿಳಿಮೀನು ಕಡಿಮೆಯಾಗುತ್ತಿದ್ದುದು ಗೊತ್ತಾದ ಬಗೆ ಕೇಳಿ, ಅದು ನನಗೆ ಬಹಳ ಇಷ್ಟ. ಕಾವೇರಿ ದಡದ ಗಾಳಿಬೋರೆಯಲ್ಲಿ ಗಾಳ ಹಾಕುವವರ ಶಿಬಿರ ಇತ್ತು. ಹಿಡಿದ ಮೀನನ್ನು ತೂಗಿ, ಬರೆದುಕೊಂಡು, ಮತ್ತೆ ಹೊಳೆಗೇ ಬಿಡಬೇಕಿತ್ತು. 1998ರಿಂದ 2012ರವರೆಗೆ ಹಾಗೆ ಬರೆದಿಟ್ಟ ಪುಸ್ತಕಗಳನ್ನು ಪಿಂಡರ್ ತಂಡ ಕೂತು ಓದಿತು. ಗೂನುಬೆನ್ನಿನ ಮೀನು ಸಿಕ್ಕ ಸಲಗಳು ವರ್ಷ ವರ್ಷಕ್ಕೆ ಕಡಿಮೆಯಾಗಿದ್ದವು. ಆದರೆ ಸಿಕ್ಕವುಗಳ ತೂಕ ಹೆಚ್ಚುತ್ತ ಹೋಗಿತ್ತು! ಮೇಲೆ ಮೇಲೆ ನೋಡಿದರೆ ದೊಡ್ಡ ಮೀನು ಸಿಗುತ್ತಿದೆ, ಒಳ್ಳೆಯದೇ ಅಲ್ಲವೇ ಅನ್ನಿಸುತ್ತದೆ. ಅಲ್ಲ. ನಿಮ್ಮ ಶಾಲೆಯಲ್ಲಿ ಏಳನೇ ತರಗತಿಯ ದೊಡ್ಡ ಹುಡುಗರು ಮಾತ್ರ ಇದ್ದಾರೆ, ಒಂದನೇ ತರಗತಿಗೆ ಎಷ್ಟೋ ವರ್ಷದಿಂದ ಯಾರೂ ಸೇರಿಲ್ಲ ಅಂದುಕೊಳ್ಳಿ. ಶಾಲೆಯ ಸರಾಸರಿ ಎತ್ತರ ಹೆಚ್ಚೇ ಇರುತ್ತದೆ. ಆ ಏಳನೇ ತರಗತಿ ಪಾಸಾಗಿ ಹೋದ ದಿನ ಶಾಲೆಗೆ ಬೀಗ. ಗಾಳಿಬೋರೆಯ ಹೊಳೆಯಲ್ಲಿ ಮರಿಗಳು ಬರುವುದು ನಿಂತುಹೋಗಿತ್ತು.

ಆದರೆ ಹೊರಗಿನಿಂದ ಮರಿ ತಂದು ಹೊಳೆಗೆ ಬಿಡುವ ಕೆಲಸ ನಡೆಯುತ್ತಲೇ ಇತ್ತು, ಒಳ್ಳೆಯ ಮನಸ್ಸಿನಿಂದಲೇ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ಕಂಪನಿಯವರು 1970ರ ದಶಕದಿಂದ ಮಹಶೀರ್ ಮರಿ ಮಾಡಿಸುವ ವಿದ್ಯೆಯನ್ನು ಬೆಳೆಸಿದರು. ಆ ಮರಿಗಳು ದೇಶದ ಎಷ್ಟೋ ಹೊಳೆಗಳಿಗೆ ಹೋದವು, ಕಾವೇರಿಗೂ ಬಂದವು. ಆದರೆ ಅವು ಕೃಷ್ಣಾ ಕಡೆಯ ನೀಲಿ ಈಜುರೆಕ್ಕೆಯ ಮಹಶೀರ್. ಕಾವೇರಿಯಲ್ಲಿ ಅವು ಚೆನ್ನಾಗಿ ಬೇರೂರಿದವು. ಗಾಳಿಬೋರೆಯ ಪುಸ್ತಕದಲ್ಲಿ ಕಿತ್ತಳೆ ರೆಕ್ಕೆಯವು ಇಳಿದ ಹಾಗೆಲ್ಲ ನೀಲಿ ರೆಕ್ಕೆಯವು ಏರಿದ್ದವು. ಯಾರೂ ಕೇಡು ಬಯಸಿರಲಿಲ್ಲ. ಕಾವೇರಿಯ ಮೀನು ಬೇರೆಯೇ ಜೀವ ಎಂಬುದು ಆಗ ಗೊತ್ತಿರಲಿಲ್ಲ, ಅದಕ್ಕೆ ತನ್ನದೇ ಹೆಸರೂ ಇರಲಿಲ್ಲ ಅಷ್ಟೇ. ಹೆಸರಿನ ಬೆಲೆ ಎಷ್ಟೆಂದು ಈಗ ತಿಳಿಯಿತಲ್ಲ?

ಮಹಶೀರ್ ಬಳಗದ ಮೀನನ್ನು ನೋಡಬೇಕೆಂದು ನಿಮಗೆ ಆಸೆಯಾಗಿರಬಹುದು. ಪಿರಿಯಾಪಟ್ಟಣದ ಕಡೆಯವರಿಗೆ ರಾಮನಾಥಪುರ ಹತ್ತಿರ. ಬೆಟ್ಟದಪುರ ದಾಟಿದರೆ ಕಾವೇರಿ ದಡದ ರಾಮೇಶ್ವರ ದೇವಸ್ಥಾನ, ಅದರ ಮುಂದಿನ ವಹ್ನಿಪುಷ್ಕರಿಣಿ. ಅಲ್ಲಿನವು ದೇವರ ಮೀನು, ಯಾರೂ ಹಿಡಿಯುವುದಿಲ್ಲ. ಮೆಟ್ಟಿಲ ಮೇಲೆ ಕೂತು ಒಂದು ಹಿಡಿ ಪುರಿ ಚೆಲ್ಲಿ. ಮೊದಲು ಏನೂ ಇಲ್ಲ. ಆಮೇಲೆ ಹಸಿರು ನೀರಿನ ಅಡಿಯಿಂದ ಕಪ್ಪು ನೆರಳುಗಳು ಏಳುತ್ತವೆ. ನೀರು ಕುದಿದ ಹಾಗಾಗುತ್ತದೆ. ಮಹಶೀರ್ ಬಳಗದ ಮೀನುಗಳು ಮೆಟ್ಟಿಲಿಗೇ ಬಾಯಿ ಹಾಕುತ್ತವೆ, ಹುರುಪೆಯ ಅಂಚು ಬಿಸಿಲಿಗೆ ಚಿನ್ನದ ಗೆರೆಯಂತೆ ಹೊಳೆಯುತ್ತದೆ. ಆ ಗದ್ದಲದಲ್ಲೂ ಮೀಸೆ ನೋಡಲು ಮರೆಯಬೇಡಿ. ಪುರಿಯ ಪ್ಲಾಸ್ಟಿಕ್ ಕವರನ್ನು ಮಾತ್ರ ಜೇಬಿನಲ್ಲಿಟ್ಟುಕೊಂಡು ವಾಪಸು ತನ್ನಿ.

ದೇವರ ಮೀನು ಎಂದ ಮಾತ್ರಕ್ಕೆ ಎಲ್ಲ ಕಡೆ ಉಳಿಯುತ್ತದೆ ಎನ್ನುವಂತಿಲ್ಲ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಮೀನುಗಳು ಬಹಳ ಹೆಸರುವಾಸಿ. ಅಲ್ಲಿನ ಹೊಳೆಯ ಹೆಸರು ಕಪಿಲೆ. ನಮ್ಮ ಕಬಿನಿಗೂ ಕಪಿಲೆ ಎನ್ನುತ್ತಾರಲ್ಲವೇ? 1996ರಲ್ಲಿ ಆ ಹೊಳೆಗೆ ಯಾರೋ ವಿಷ ಹಾಕಿದರು. ಮೀನುಗಳು ರಾಶಿ ರಾಶಿ ಸತ್ತವು. ಊರಿನವರು ಅವುಗಳಿಗಾಗಿ ದಡದಲ್ಲಿ ಒಂದು ಸ್ಮಾರಕ ಕಟ್ಟಿದರು, ಮತ್ಸ್ಯ ಸ್ಮಾರಕ. ಉಳಿದ ಮೀನುಗಳನ್ನು ಕಾದರು. ಇವತ್ತು ಹೋದರೆ ಅಲ್ಲಿ ಮತ್ತೆ ಮೀನುಗಳಿವೆ.

ಬಿಳಿಮೀನಿಗೆ ಈಗ ಹೆಸರಿದೆ, ಪಟ್ಟಿಯಲ್ಲಿ ಸಾಲಿದೆ, ಮೋಯಾರ್‌ನಂಥ ಕಾಡಿನ ನದಿಗಳಲ್ಲಿ ಜೀವವೂ ಇದೆ. ಕಾವೇರಿ ಕೊಳ್ಳದ ಮೂಲೆ ಮೂಲೆಯಲ್ಲಿ ಅದು ಇನ್ನೆಲ್ಲಿ ಉಳಿದಿದೆ ಎಂದು ಹುಡುಕಬೇಕು. ಲಕ್ಷ್ಮಣತೀರ್ಥ, ತಾರಕ, ನುಗು, ಹೆಬ್ಬಳ್ಳ ಇವೆಲ್ಲ ನಿಮ್ಮ ಮನೆ ಹತ್ತಿರದ ಹೊಳೆಗಳು. ದೂರದ ವಿಜ್ಞಾನಿಗೆ ಅವುಗಳ ಒಂದೊಂದು ಮಡುವೂ ಗೊತ್ತಿರುವುದಿಲ್ಲ. ನಿಮ್ಮ ತಾತನಿಗೆ ಗೊತ್ತಿರುತ್ತದೆ.

ಹಾಗಾಗಿ ನನ್ನದೊಂದು ಕೋರಿಕೆ. ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ತಾತ, ಅಜ್ಜಿ, ಹೊಳೆ ದಡದ ಬೆಸ್ತರು, ಹಾಡಿಯ ಹಿರಿಯರು, ಇವರೆಲ್ಲರ ಹತ್ತಿರ ಹೋಗಿ ಕೂತು ಕೇಳಿ. ಬಿಳಿಮೀನು ಕಂಡಿದ್ದೀರಾ? ಯಾವ ಮಡುವಿನಲ್ಲಿ? ಯಾವ ತಿಂಗಳು? ಎಷ್ಟುದ್ದ ಇತ್ತು? ರೆಕ್ಕೆ ಕಿತ್ತಳೆಯೋ ನೀಲಿಯೋ? ಬೆನ್ನಿನಲ್ಲಿ ಗೂನು ಇತ್ತಾ? ನೀವೇ ಎಲ್ಲಾದರೂ ಕಂಡರೆ ದಿನಾಂಕ, ಜಾಗ ಬರೆಯಿರಿ. ನೀರಿಗಿಳಿಯಬೇಡಿ, ಕಬಿನಿಯಲ್ಲಿ ಮೊಸಳೆಗಳಿವೆ. ದಡದಿಂದ ನೋಡಿದ್ದೇ ಸಾಕು. ತೋಟೆಯ ಸದ್ದು ಕೇಳಿದರೆ ದೊಡ್ಡವರಿಗೆ ಹೇಳಿ, ಅವರು ಅರಣ್ಯ ಇಲಾಖೆಗೆ ತಿಳಿಸಲಿ.

ಪಂಚಾಂಗದ ಆ ಹುರುಪೆಯನ್ನು ಹಿರಿಯರು ನನಗೆ ಕೊಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ಅವರ ಮೊಮ್ಮಗ ಪಕ್ಕದಲ್ಲೇ ನಿಂತಿದ್ದ, ಅವನ ಕೈಗೆ ಭೂತಗನ್ನಡಿ ಕೊಟ್ಟು ಬಂದೆ. ನೀವು ಬರೆಯುವ ನೋಟ್‌ಬುಕ್ಕಿನ ಮೊದಲ ಪುಟವನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೆ ಬರುವ ಸೋಮವಾರವೇ ತೋರಿಸಿ.